ಸೆಕ್ರೆಟರಿಗೆ ಎಲ್ರ ಪಾಸ್‌ವರ್ಡೂ ಕಾಣ್ಬೇಕಂತೆ

ಪ್ರಶ್ನೆ: ನಾನು ಬಿಸಿಎ ಕೊನೇ ವರ್ಷ. ಪ್ರಾಜೆಕ್ಟ್‌ಗೆ ಅಂತ ನಮ್ಮೂರ ಹಾಲಿನ ಡೈರಿಗೆ ಒಂದು ವೆಬ್ ಅಪ್ಲಿಕೇಶನ್ ಮಾಡ್ತಿದೀನಿ, ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ. 140 ಜನ ಸದಸ್ಯರು, ಲಾಗಿನ್ ಆದ್ರೆ ಅವರವರ ಲೀಟರು, ಫ್ಯಾಟು, ಹದಿನೈದು ದಿನದ ಬಟವಾಡೆ ಎಷ್ಟು ಅಂತ ಕಾಣತ್ತೆ, ಅಷ್ಟೇ. ಸದ್ಯಕ್ಕೆ ಲಾಗಿನ್ ವಿವರ ಎಲ್ಲಾ ಒಂದು ಜೇಸನ್ ಫೈಲಲ್ಲಿದೆ (ಮಾಹಿತಿ ಬರ್ದಿಡೋ ಸಾದಾ ಟೆಕ್ಸ್ಟ್ ಫೈಲು): ಸದಸ್ಯರ ನಂಬರು, ಹೆಸರು, ಮೊಬೈಲು, ಆಧಾರ್, ಪಾಸ್‌ವರ್ಡು. ಪಾಸ್‌ವರ್ಡ್ ಶುರುವಿಗೆ ಎಲ್ರಿಗೂ ಅವರ ಮೊಬೈಲಿನ ಕೊನೇ ನಾಲ್ಕು ಅಂಕಿ. ಇಷ್ಟಕ್ಕೆ ಡೇಟಾಬೇಸ್ ಬೇಕೇ ಬೇಕಾ? ಇನ್ನೊಂದು, ಸೆಕ್ರೆಟರಿ ಅಂಕಲ್ಲು "ಜನ ಮರೀತಾರಮ್ಮ, ಎಲ್ರ ಪಾಸ್‌ವರ್ಡೂ ನಂಗೆ ಕಾಣೋ ಹಂಗೆ ಒಂದು ಪೇಜ್ ಮಾಡ್ಕೊಡು" ಅಂತಿದಾರೆ. ಮಾಡ್ಲಾ?
— ವಿದ್ಯಾರ್ಥಿನಿ, ತಿಪಟೂರು ತಾಲ್ಲೂಕು

ಉತ್ತರ: ಎರಡನೇದಕ್ಕೇ ಮೊದ್ಲು ಹೇಳ್ಬಿಡ್ತೀನಿ, ಆ ಪೇಜ್ ಮಾಡ್ಬೇಡಿ. ಅಂಕಲ್ಲು ಒಳ್ಳೆಯವರೇ ಇರ್ಬಹುದು, ಆದ್ರೆ ಅವರು ಟೀ ಕುಡಿಯಕ್ಕೆ ಎದ್ದು ಹೋದಾಗ ಆ ಕಂಪ್ಯೂಟರ್ ಮುಂದೆ ಯಾರು ಬೇಕಾದ್ರೂ ಕೂರ್ತಾರೆ, ಮತ್ತೆ ನಮ್ಮ ಜನ ಡೈರಿಗೆ ಇಟ್ಟ ಪಾಸ್‌ವರ್ಡನ್ನೇ ಜಿಮೇಲ್‌ಗೂ ಇಟ್ಟಿರ್ತಾರೆ, ಬ್ಯಾಂಕಿಗೂ ಇಟ್ಟಿರ್ತಾರೆ. ಹಾಗಾಗಿ ಅಂಕಲ್‌ಗೆ ಕಾಣದ ಹಾಗೆ ಮಾಡೋದಷ್ಟೇ ಅಲ್ಲ, ಅದು ನಿಮಗೂ ಕಾಣ್ಬಾರ್ದು, ನಿಮ್ಮ ಸರ್ವರಲ್ಲೂ ಎಲ್ಲೂ ಇರ್ಬಾರ್ದು. ಪಾಸ್‌ವರ್ಡ್ ಇಟ್ಕೊಳ್ಳದೇ ಅದು ಸರಿನಾ ಅಂತ ಚೆಕ್ ಮಾಡೋದು ಹೆಂಗೆ ಅನ್ನೋದೇ ಇಲ್ಲಿರೋ ಪೂರ್ತಿ ವಿದ್ಯೆ.

ಈಗ ಆ ಜೇಸನ್ ಫೈಲು. ಒಂದು ಕೆಲಸ ಮಾಡಿ, ಬ್ರೌಸರಲ್ಲಿ ನಿಮ್ಮ ಸೈಟಿನ ಅಡ್ರೆಸ್ ಹಾಕಿ ಮುಂದೆ ಒಂದು ಸ್ಲ್ಯಾಶ್ ಹಾಕಿ ಆ ಫೈಲಿನ ಹೆಸರು ಟೈಪ್ ಮಾಡಿ ನೋಡಿ. ಫೈಲು ಪಬ್ಲಿಕ್ ಫೋಲ್ಡರಲ್ಲಿದ್ರೆ (ಹತ್ರಲ್ಲಿ ಒಂಬತ್ತು ಸ್ಟೂಡೆಂಟ್ ಪ್ರಾಜೆಕ್ಟ್‌ಗಳಲ್ಲಿ ಅಲ್ಲೇ ಇರತ್ತೆ ಅಂತ ನನ್ನ ಅಂದಾಜು) 140 ಜನರ ಹೆಸರು, ಮೊಬೈಲು, ಆಧಾರು ಎಲ್ಲಾ ಸ್ಕ್ರೀನ್ ಮೇಲೆ ಬಂದು ನಿಲ್ಲತ್ತೆ, ಲಾಗಿನ್ನೂ ಕೇಳಲ್ಲ ಏನೂ ಕೇಳಲ್ಲ. ಕೋಡ್ ಇಡೋ ಗಿಟ್‌ಹಬ್ ಸೈಟಿಗೂ ಹಾಕಿದೀರಾ ನೋಡ್ಕೊಳ್ಳಿ, ಎಲ್ರಿಗೂ ಕಾಣೋ ಪಬ್ಲಿಕ್ ರೆಪೋಗೆ ಹಾಕಿದ್ರೆ ಆಮೇಲೆ ಫೈಲ್ ಡಿಲೀಟ್ ಮಾಡಿದ್ರೂ ಹಳೇ ಕಮಿಟ್‌ಗಳಲ್ಲಿ, ಅಂದ್ರೆ ಅದು ಉಳಿಸಿಟ್ಟ ಹಿಂದಿನ ಪ್ರತಿಗಳಲ್ಲಿ, ಹಾಗೇ ಕೂತಿರತ್ತೆ.

ಡೇಟಾಬೇಸ್ ಅಂದ ತಕ್ಷಣ ದೊಡ್ಡ ಸರ್ವರ್ರು, ತಿಂಗಳ ಬಾಡಿಗೆ ಅಂತೆಲ್ಲ ಹೆದರ್ಕೋಬೇಡಿ, 140 ಜನಕ್ಕೆ ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್ ಧಾರಾಳ. ಅದೂ ಒಂದೇ ಒಂದು ಫೈಲು, ಇನ್‌ಸ್ಟಾಲ್ ಮಾಡೋ ಸರ್ವರ್ ಅಂತ ಏನಿಲ್ಲ. ಜೇಸನ್‌ಗೂ ಅದಕ್ಕೂ ವ್ಯತ್ಯಾಸ ಏನಪ್ಪಾ ಅಂದ್ರೆ, ಬೆಳಿಗ್ಗೆ ಹಾಲು ಹಾಕೋ ಹೊತ್ತಲ್ಲಿ ಇಬ್ರು ಒಟ್ಟಿಗೆ ಪಾಸ್‌ವರ್ಡ್ ಬದಲಾಯಿಸಿದ್ರೆ ಜೇಸನ್ ಫೈಲಲ್ಲಿ ಒಬ್ಬರದ್ದು ಇನ್ನೊಬ್ಬರದ್ದನ್ನ ಅಳಿಸಿ ಹಾಕತ್ತೆ, ಇಲ್ಲಾ ಅರ್ಧ ಬರ್ದು ಫೈಲೇ ಕೆಟ್ಟುಹೋಗತ್ತೆ. ಎಸ್‌ಕ್ಯೂಲೈಟ್ ಲಾಕ್ ಹಾಕ್ಕೊಂಡು ಒಬ್ಬರಾದ ಮೇಲೆ ಒಬ್ಬರದ್ದು ಬರ್ಯತ್ತೆ. ಆದ್ರೆ ಆ ಫೈಲನ್ನೂ ಪಬ್ಲಿಕ್ ಫೋಲ್ಡರ್ ಆಚೆಗೇ ಇಡಿ, ಇಲ್ದಿದ್ರೆ ಅದೇ ಕಥೆ.

ಟೇಬಲಲ್ಲಿ ಏನಿರ್ಬೇಕು ಅಂದ್ರೆ ಸದಸ್ಯರ ನಂಬರು, ಹೆಸರು, ಮೊಬೈಲು, ಪಾಸ್‌ವರ್ಡ್ ಹ್ಯಾಶ್ (ಅದೇನು ಅಂತ ಮುಂದೆ ಹೇಳ್ತೀನಿ), ಬದಲಾಯಿಸಿದ ದಿನ, ತಪ್ಪು ಪ್ರಯತ್ನಗಳ ಲೆಕ್ಕ. ಆಧಾರ್ ಯಾಕಮ್ಮಾ? ಫ್ಯಾಟ್ ನೋಡಕ್ಕೆ ಆಧಾರ್ ಬೇಕಾ? ತೆಗ್ದುಹಾಕಿ. ನಿಮ್ಮ ಹತ್ರ ಇಲ್ದೇ ಇರೋದನ್ನ ಯಾರೂ ಕದಿಯಕ್ಕಾಗಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಜನರ ಮಾಹಿತಿ ಸರಿಯಾಗಿ ಕಾಪಾಡದಿದ್ರೆ 250 ಕೋಟಿವರೆಗೂ ದಂಡ ಅಂತ ಬರ್ದಿದೆ, ಊರ ಡೈರಿಗೆ ಅಷ್ಟು ಹಾಕ್ತಾರೆ ಅಂತ ಹೆದರಿಸ್ತಿಲ್ಲ, ಆದ್ರೆ "ಅಂಕಲ್ ಕೇಳಿದ್ರು, ಅದಕ್ಕೆ ಇಟ್ಟೆ" ಅನ್ನೋದು ಉತ್ತರ ಆಗಲ್ಲ.

ಇನ್ನು ಹ್ಯಾಶು. ಹ್ಯಾಶ್ ಅಂದ್ರೆ ರಾಗಿ ಬೀಸಿದ ಹಾಗೆ, ಹಿಟ್ಟಿಂದ ಮತ್ತೆ ರಾಗಿ ಮಾಡಕ್ಕಾಗಲ್ಲ. ಲಾಗಿನ್ ಮಾಡೋರು ಕೊಟ್ಟ ಪಾಸ್‌ವರ್ಡನ್ನ ಅದೇ ಥರ ಬೀಸಿ, ಬಂದ ಹಿಟ್ಟು ನಮ್ಮ ಹತ್ರ ಇರೋದಕ್ಕೆ ಹೊಂದತ್ತಾ ಅಂತ ನೋಡೋದು. ಎನ್‌ಕ್ರಿಪ್ಶನ್ ಬೇರೆ, ಅದಕ್ಕೆ ಕೀ ಇರತ್ತೆ, ಕೀ ಇದ್ದೋರು ವಾಪಸ್ ತೆಗೀಬಹುದು. "ಎನ್‌ಕ್ರಿಪ್ಟ್ ಮಾಡಿ ಇಟ್ಟು ಅಂಕಲ್‌ಗೆ ಮಾತ್ರ ಬಿಚ್ಚಿ ತೋರಿಸ್ತೀನಿ" ಅಂತ ನಿಮಗೆ ಈಗ ಅನ್ನಿಸ್ತಿದ್ರೆ 2013ರಲ್ಲಿ ಅಡೋಬಿ ಅನ್ನೋ ಸಾಫ್ಟ್‌ವೇರ್ ಕಂಪನಿಗೆ ಏನಾಯ್ತು ನೋಡಿ: ಹದಿನೈದು ಕೋಟಿಗೂ ಹೆಚ್ಚು ಖಾತೆಗಳ ಮಾಹಿತಿ ಹೊರಗೆ ಬಂತು, ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ವು ನಿಜ, ಆದ್ರೆ ಒಂದೇ ಪಾಸ್‌ವರ್ಡ್ ಇಟ್ಟಿರೋ ಎಲ್ರದ್ದೂ ಒಂದೇ ಥರ ಕಾಣ್ತಿತ್ತು, ಪಕ್ಕದಲ್ಲೇ ಜನ ಬರ್ಕೊಂಡಿದ್ದ ಸುಳಿವು ಬೇರೆ ಬಿಚ್ಚಾಗಿತ್ತು, ಕೀ ಸಿಗದೇನೇ ಪದಬಂಧ ಬಿಡಿಸಿದ ಹಾಗೆ ಬಿಡಿಸಿದ್ರು. ಏನೂ ಮುಚ್ಚದೇ ಇಟ್ಟೋರ ಕಥೆ ಅದಕ್ಕಿಂತ ಹಳೇದು, 2009ರ ಡಿಸೆಂಬರಲ್ಲಿ ರಾಕ್‌ಯೂ ಅನ್ನೋ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಇದ್ದದ್ದು ಇದ್ದಹಾಗೇ ಹೋಯ್ತು, ಅದರಲ್ಲಿ ಅತಿ ಹೆಚ್ಚು ಜನ ಇಟ್ಟಿದ್ದು 123456.

ಹ್ಯಾಶ್ ಅಂದ್ರೂ ಎಂಡಿ5 ಅನ್ನೋ ಹಳೇ ವಿಧಾನ ಬೇಡ. ನಾನೂ ಈ ತಪ್ಪು ಮಾಡಿದೋನೇ. ನನ್ನ ಮೊದಲನೇ ಸೈಟಲ್ಲಿ ಎಂಡಿ5 ಹಾಕಿ ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದೆ, ಜೊತೆಗೆ ಕೆಲಸ ಮಾಡ್ತಿದ್ದೋರೊಬ್ರು ನನ್ನದೇ ಹ್ಯಾಶ್ ಕಾಪಿ ಮಾಡಿ ಗೂಗಲಲ್ಲಿ ಹಾಕಿದ್ರು, ಮೊದಲನೇ ರಿಸಲ್ಟಲ್ಲೇ ನನ್ನ ಪಾಸ್‌ವರ್ಡ್. ಎಂಡಿ5 ಮಾಡಿರೋದೇ ಬೇಗ ಓಡಕ್ಕೆ, ಈಗಿನ ಒಂದು ಗೇಮಿಂಗ್ ಕಾರ್ಡು ಸೆಕೆಂಡಿಗೆ ಹತ್ತು ಸಾವಿರ ಕೋಟಿಗೂ ಮೀರಿ ಎಂಡಿ5 ಲೆಕ್ಕ ಹಾಕತ್ತೆ. ನಮಗೆ ಬೇಕಾಗಿರೋದು ಬೇಕಂತಲೇ ನಿಧಾನ ಇರೋದು. 1999ರಲ್ಲಿ ನೀಲ್ಸ್ ಪ್ರೊವೊಸ್, ಡೇವಿಡ್ ಮಜಿಯೆರ್ ಅನ್ನೋ ಇಬ್ರು ಅದಕ್ಕೆ ಅಂತಲೇ ಬಿಕ್ರಿಪ್ಟ್ ಮಾಡಿದ್ರು, ನಿಮ್ಮ ಪಿಎಚ್‌ಪಿಯಲ್ಲಿ 2013ರ 5.5 ವರ್ಷನ್ನಿಂದ ಒಳಗೇ ಇದೆ. ಪಾಸ್‌ವರ್ಡ್ ಹ್ಯಾಶ್ ಅಂತ ಒಂದು ಫಂಕ್ಷನ್ನು, ಪಾಸ್‌ವರ್ಡ್ ವೆರಿಫೈ ಅಂತ ಇನ್ನೊಂದು, ಎರಡೇ ಸಾಲಿನ ಕೆಲಸ. ನೀವೇ ಸ್ವಂತ ಹ್ಯಾಶ್ ಬರೆಯಕ್ಕೆ ಮಾತ್ರ ಹೋಗ್ಬೇಡಿ.

ಒಂದು ಸಲ ಆ ಹ್ಯಾಶನ್ನ ಪ್ರಿಂಟ್ ಮಾಡಿ ಕಣ್ಣಲ್ಲಿ ನೋಡಿ, ಅರವತ್ತು ಅಕ್ಷರ ಇರತ್ತೆ. ಮೊದ್ಲು ಡಾಲರ್ ಗುರುತು, ಟೂ ವೈ, ಡಾಲರ್, ಆಮೇಲೆ 12 ಅಥವಾ 10, ಮತ್ತೆ ಡಾಲರ್. ಆ 12 ಇದೆಯಲ್ಲ ಅದು ಬೀಸೋ ಸುತ್ತು, ಎರಡರ ಘಾತ 12, ಅಂದ್ರೆ 4096 ಸಲ. ಮುಂದಿನ 22 ಅಕ್ಷರ ಸಾಲ್ಟು, ಅಂದ್ರೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬೆರೆಸೋ ಒಂದು ಚಿಟಿಕೆ, ಅದರಿಂದಲೇ ಇಬ್ರು ಒಂದೇ ಪಾಸ್‌ವರ್ಡ್ ಇಟ್ರೂ ಹ್ಯಾಶ್ ಬೇರೆ ಬರತ್ತೆ. ಉಳಿದ 31 ಅಕ್ಷರ ಹಿಟ್ಟು. ಸಾಲ್ಟ್ ಅಲ್ಲೇ ಕಾಣ್ತಿದೆಯಲ್ಲಾ ಅಂತ ಗಾಬರಿ ಬೇಡ, ಅದು ಗುಟ್ಟಲ್ಲ. ಎಸ್‌ಕ್ಯೂಲೈಟ್ ಕಾಲಮ್ಮಿನ ಉದ್ದವನ್ನ ಲೆಕ್ಕಕ್ಕಿಟ್ಕೊಳ್ಳಲ್ಲ, ಆದ್ರೆ ಮೈಎಸ್‌ಕ್ಯೂಎಲ್ ಥರದ ಡೇಟಾಬೇಸ್‌ಗೆ ಹೋದ್ರೆ ಉದ್ದ 255 ಇಡಿ, ಮುಂದೆ ಬೇರೆ ಹ್ಯಾಶ್ ಬಂದ್ರೆ ಜಾಗ ಬೇಕು, ಅಲ್ಲಿ ಯಾರೋ 50 ಇಟ್ಟು ಹ್ಯಾಶಿನ ಬಾಲ ಕಟ್ ಆಗಿ ಒಬ್ರಿಗೂ ಲಾಗಿನ್ ಆಗ್ತಿಲ್ಲ ಅಂತ ರಾತ್ರಿಯೆಲ್ಲಾ ತಲೆ ಕೆಡಿಸ್ಕೊಂಡಿದ್ದು ನೋಡಿದೀನಿ.

ಆದ್ರೆ ನಿಮ್ಮ ನಾಲ್ಕು ಅಂಕಿಗೆ ಬಿಕ್ರಿಪ್ಟೂ ಏನೂ ಮಾಡಕ್ಕಾಗಲ್ಲ. ಲೆಕ್ಕ ಹಾಕಿ, 0000ಯಿಂದ 9999, ಹತ್ತೇ ಸಾವಿರ. ಒಂದಕ್ಕೆ ಕಾಲು ಸೆಕೆಂಡ್ ಅಂದ್ರೂ 2500 ಸೆಕೆಂಡು, ಮುಕ್ಕಾಲು ಗಂಟೆಯೊಳಗೆ ಒಬ್ಬ ಸದಸ್ಯರದ್ದು ಮುಗೀತು. ಅದೂ ಬೇಡ, ಮೊಬೈಲಿನ ಕೊನೇ ನಾಲ್ಕು ಅಂಕಿ ಊರಿಗೆಲ್ಲಾ ಗೊತ್ತಿರತ್ತೆ. ಕನಿಷ್ಠ ಎಂಟು ಅಕ್ಷರ ಕೇಳಿ, ಆದ್ರೆ ದೊಡ್ಡಕ್ಷರ ಬೇಕು, ಆ ಚಿಹ್ನೆ ಬೇಕು, ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಅಂತ ಕಾಡ್ಬೇಡಿ, ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಕೂಡ 2017ರಲ್ಲೇ ಅದನ್ನ ಬೇಡ ಅಂದಿದೆ. "ನಮ್ಮನೆ ಕೆಂದ ಹಸು" ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಕ್ಕೆ ಹೇಳಿ, ನೆನಪೂ ಇರತ್ತೆ. ಐದು ಸಲ ತಪ್ಪಾದ್ರೆ ಹದಿನೈದು ನಿಮಿಷ ಕಾಯ್ಸಿ.

ಅಂಕಲ್‌ಗೆ ಏನು ಕೊಡೋದು? ರೀಸೆಟ್ ಬಟನ್. ಸದಸ್ಯರು ಬಂದು "ಮರ್ತೋಯ್ತು" ಅಂದ್ರೆ ಅವರ ನಂಬರ್ ಹಾಕಿ ಒತ್ತಲಿ, ಎಂಟು ಅಕ್ಷರದ ಒಂದು ತಾತ್ಕಾಲಿಕ ಕೋಡ್ ಬರಲಿ, ಹಾಲಿನ ಚೀಟಿ ಥರಾನೇ ಪ್ರಿಂಟ್ ಆಗಲಿ, ಒಂದೇ ಸಲಕ್ಕೆ, ಅವತ್ತಿಗೆ ಮಾತ್ರ. ಅದರಲ್ಲಿ ಒಳಗೆ ಹೋದ ತಕ್ಷಣ ಹೊಸ ಪಾಸ್‌ವರ್ಡ್ ಇಡೋ ಪೇಜೇ ಬರ್ಬೇಕು, ಬೇರೆ ಎಲ್ಲಿಗೂ ಬಿಡ್ಬಾರ್ದು. ಆ ಕೋಡನ್ನೂ ಡೇಟಾಬೇಸಲ್ಲಿ ಹ್ಯಾಶ್ ಮಾಡೇ ಇಡಿ, ಯಾರು ಯಾವಾಗ ರೀಸೆಟ್ ಮಾಡಿದ್ರು ಅಂತ ಒಂದು ಸಾಲು ಬರ್ದಿಡಿ. ಅಂಕಲ್‌ಗೆ ಇದು ಇನ್ನೂ ಸುಲಭ, 140 ಹೆಸರಲ್ಲಿ ಹುಡುಕೋ ಕೆಲಸಾನೇ ಇಲ್ಲ.

ಮರೀಬಾರ್ದ ಇನ್ನೆರಡು. ಲಾಗಿನ್ ಫಾರ್ಮಲ್ಲಿ ಬಂದಿದ್ದನ್ನ ಸೀದಾ ಕ್ವೆರಿಗೆ, ಅಂದ್ರೆ ಡೇಟಾಬೇಸಿಗೆ ಕೊಡೋ ಆಜ್ಞೆಗೆ, ಅಂಟಿಸ್ಬೇಡಿ, ಆಜ್ಞೆ ಬೇರೆ, ಮಾಹಿತಿ ಬೇರೆ ಕಳಿಸೋ ಪ್ರಿಪೇರ್ಡ್ ಸ್ಟೇಟ್‌ಮೆಂಟೇ ಬಳಸಿ. ಮತ್ತೆ ಟೆಸ್ಟ್ ಮಾಡಕ್ಕೆ ಅಂತ ಲಾಗ್ ಫೈಲಿಗೆ (ಸರ್ವರಲ್ಲಿ ನಡೆದದ್ದನ್ನ ಬರ್ದಿಡೋ ಫೈಲು) ಇಡೀ ಫಾರ್ಮ್ ಬರ್ಸೋ ಸಾಲು ಹಾಕಿರ್ತೀರಲ್ಲ, ಅದನ್ನ ತೆಗೀರಿ. 2018ರಲ್ಲಿ ಟ್ವಿಟ್ಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ ಅಂದಿದ್ದು ಇದೇ ಕಾರಣಕ್ಕೆ, ಬಿಕ್ರಿಪ್ಟ್ ಇತ್ತು, ಆದ್ರೆ ಹ್ಯಾಶ್ ಆಗೋಕೆ ಮುಂಚೆನೇ ಒಳಗಿನ ಲಾಗಲ್ಲಿ ಪಾಸ್‌ವರ್ಡ್ ಬಿದ್ದಿರ್ತಿತ್ತು.

ಪ್ರಶ್ನೆ: ಗೂಗಲ್ ಶೀಟಲ್ಲೇ ಯೂಸರ್ ಲಿಸ್ಟ್ ಇಟ್ರೆ ಆಗಲ್ವಾ? ಫ್ರೀ ಅಲ್ವಾ?
— ಓದುಗರು, ದಾವಣಗೆರೆ

ಉತ್ತರ: ಎಸ್‌ಕ್ಯೂಲೈಟೂ ಫ್ರೀನೇ. ಶೀಟ್ ಲಿಂಕ್ ಯಾರೋ ವಾಟ್ಸಾಪ್ ಗ್ರೂಪಿಗೆ ಹಾಕೋವರೆಗೂ ಚೆನ್ನಾಗಿರತ್ತೆ.

ಪ್ರಶ್ನೆ: ಯೂಟ್ಯೂಬ್ ನೋಡಿ ಲಾಗಿನ್ ಆದಮೇಲೆ ಜೆಡಬ್ಲ್ಯೂಟಿ ಟೋಕನ್ (ಲಾಗಿನ್ ಆಗಿದಾರೆ ಅಂತ ಹೇಳೋ ಚೀಟಿ) ಮಾಡಿ ಬ್ರೌಸರಿನ ಲೋಕಲ್ ಸ್ಟೋರೇಜಲ್ಲಿ ಇಟ್ಟಿದೀನಿ. ಫ್ರೆಂಡು ತಪ್ಪು ಅಂತಾನೆ. ಸಣ್ಣ ಸೈಟು, ಒಂದೇ ಸರ್ವರ್.
— ಇಂಟರ್ನ್, ಬೆಂಗಳೂರು

ಉತ್ತರ: ಫ್ರೆಂಡ್ ಹೇಳಿದ್ದೇ ಸರಿ. ಲೋಕಲ್ ಸ್ಟೋರೇಜಲ್ಲಿ ಇರೋದನ್ನ ಆ ಪೇಜಲ್ಲಿ ಓಡೋ ಯಾವ ಜಾವಾಸ್ಕ್ರಿಪ್ಟಾದ್ರೂ ಓದಬಹುದು, ಕಾಮೆಂಟ್ ಬಾಕ್ಸಲ್ಲಿ ಯಾರಾದ್ರೂ ಸ್ಕ್ರಿಪ್ಟ್ ತೂರಿಸಿದ್ರೆ ಟೋಕನ್ ಹೋಯ್ತು. ಒಂದೇ ಸರ್ವರ್ ಇದ್ರೆ ಹಳೇ ಸೆಷನ್ನೇ ಸಾಕು: ಉದ್ದದ ರ್‍ಯಾಂಡಮ್ ನಂಬರ್ರು ಕುಕೀಲಿ, ಮಿಕ್ಕಿದ್ದೆಲ್ಲಾ ಸರ್ವರಲ್ಲಿ. ಕುಕೀಗೆ ಎಚ್‌ಟಿಟಿಪಿ ಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಲ್ಯಾಕ್ಸ್ ಅನ್ನೋ ಮೂರೂ ರಕ್ಷಣೆಯ ಸೆಟ್ಟಿಂಗ್ ಹಾಕಿ, ಲಾಗಿನ್ ಆದ ಕೂಡ್ಲೇ ಸೆಷನ್ ಐಡಿ ಬದಲಾಯಿಸಿ. ಯಾರದ್ದಾದ್ರೂ ಫೋನ್ ಕಳೆದ್ರೆ ಸರ್ವರಲ್ಲಿ ಆ ಒಂದು ಸಾಲು ಅಳಿಸಿದ್ರೆ ಮುಗೀತು, ಜೆಡಬ್ಲ್ಯೂಟಿ ಆಗಿದ್ರೆ ಅದರ ಅವಧಿ ಮುಗಿಯೋವರೆಗೂ ಕೈಕಟ್ಟಿ ಕೂರ್ಬೇಕು, ಇಲ್ಲಾ ರದ್ದಾದ ಟೋಕನ್‌ಗಳ ಪಟ್ಟಿ ಇಡ್ಬೇಕು, ಪಟ್ಟಿನೇ ಇಡೋದಾದ್ರೆ ಸೆಷನ್ ಏನು ಪಾಪ ಮಾಡಿತ್ತು?

ಪ್ರಶ್ನೆ: ನಮ್ಮ ಗಮಕ ಸಂಘದ ಸೈಟನ್ನ ನಾನೇ ಕಲಿತು ಮಾಡಿದ್ದೇನೆ. ಪಾಸ್‌ವರ್ಡ್ ಕನ್ನಡದಲ್ಲೇ ಇರಲಿ ಎಂಬ ಆಸೆಯಿಂದ ಗಾದೆಗಳನ್ನು ಇಡಲು ಹೇಳಿದೆ. ಕೆಲವರಿಗೆ ಫೋನ್ ಬದಲಾಯಿಸಿದ ಮೇಲೆ ಅದೇ ಪಾಸ್‌ವರ್ಡ್ ತಪ್ಪು ಎಂದು ಬರುತ್ತಿದೆ. ಇನ್ನೊಬ್ಬರು ಗಾದೆಯ ಕೊನೆಯ ಪದ ತಪ್ಪಾಗಿ ಹೊಡೆದರೂ ಒಳಗೆ ಹೋದರು! ಪಿಎಚ್‌ಪಿ, ಬಿಕ್ರಿಪ್ಟ್ ಬಳಸಿದ್ದೇನೆ.
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ಈ ಪ್ರಶ್ನೆ ಓದಿ ನಂಗೆ ಎಷ್ಟು ಖುಷಿಯಾಯ್ತು ಅಂದ್ರೆ ಕೂತಲ್ಲೇ ಬೆರಳೆಣಿಸ್ಕೊಂಡು ಲೆಕ್ಕ ಹಾಕ್ದೆ. ಎರಡೂ ಬೇರೆ ಬೇರೆ ಕಾಯಿಲೆ.

ಮೊದಲನೇದು ಯೂನಿಕೋಡಿಂದು, ಅಂದ್ರೆ ಕಂಪ್ಯೂಟರಲ್ಲಿ ಅಕ್ಷರಗಳಿಗೆ ಕೊಟ್ಟಿರೋ ನಂಬರುಗಳದ್ದು. "ಕೋಳಿ"ಯ ಕೋ ಇದೆಯಲ್ಲ, ಆ ಓತ್ವನ್ನ ಒಂದೇ ಚಿಹ್ನೆಯಾಗಿ ಇಡಬಹುದು, ಇಲ್ಲಾ ಎತ್ವ, ಊಕಾರದ ಕೊಂಬು, ಕೊನೇಗೆ ದೀರ್ಘ ಅಂತ ಮೂರು ತುಂಡಾಗೂ ಇಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಮೂರು ಬೈಟ್ ಒಂದು ಕಡೆ, ಒಂಬತ್ತು ಬೈಟ್ ಇನ್ನೊಂದು ಕಡೆ, ಹಾಗಾಗಿ ಹ್ಯಾಶೂ ಬೇರೆ. ಕೀಬೋರ್ಡ್ ಬದಲಾದ್ರೆ ಇದು ಬದಲಾಗಬಹುದು. ಹ್ಯಾಶ್ ಮಾಡೋ ಮುಂಚೆ ಎನ್‌ಎಫ್‌ಸಿ ನಾರ್ಮಲೈಸೇಶನ್ ಮಾಡಿ, ಅಂದ್ರೆ ಇಂಥ ತುಂಡುಗಳನ್ನ ಒಂದೇ ರೂಪಕ್ಕೆ ತನ್ನಿ, ಪಿಎಚ್‌ಪಿಯ ಇಂಟ್ಲ್ ಎಕ್ಸ್‌ಟೆನ್ಶನಲ್ಲಿ ನಾರ್ಮಲೈಸರ್ ಇದೆ, ನೋಂದಣಿಯಲ್ಲೂ ಲಾಗಿನ್ನಲ್ಲೂ ಎರಡೂ ಕಡೆ ಮಾಡ್ಬೇಕು. ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಅಂತ ಒಂದಿದೆ, ಅರ್ಧಾಕ್ಷರ ಬಿಡಿಯಾಗಿ ನಿಲ್ಲಿಸಕ್ಕೆ ಹಾಕೋದು, ಅದನ್ನ ಎನ್‌ಎಫ್‌ಸಿ ತೆಗೆಯಲ್ಲ, ನೀವೇ ತೆಗೀಬೇಕು.

ಎರಡನೇದು ಬಿಕ್ರಿಪ್ಟಿಂದು. ಅದು 72 ಬೈಟ್ ಆದಮೇಲೆ ಓದೋದೇ ಇಲ್ಲ, ಪಿಎಚ್‌ಪಿ ಸದ್ದಿಲ್ದೇ ಮಿಕ್ಕಿದ್ದನ್ನ ಬಿಟ್ಟುಬಿಡತ್ತೆ. ಇಂಗ್ಲಿಷಿಗೆ ಅದು 72 ಅಕ್ಷರ, ಕನ್ನಡಕ್ಕೆ ಒಂದೊಂದು ಅಕ್ಷರ, ಗುಣಿತ, ವಿರಾಮ (ಅರ್ಧಾಕ್ಷರದ ಗುರುತು) ಎಲ್ಲಕ್ಕೂ ಮೂರ್ಮೂರು ಬೈಟ್, ಅಂದ್ರೆ 24ಕ್ಕೇ ಬೇಲಿ. "ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪಾಗುವುದಿಲ್ಲ" ತಗೊಳ್ಳಿ. ಹುಣಸೆ 15, ಮರ 6, ಮುಪ್ಪಾದರೂ 27, ಹುಳಿ 12, ನಡುವಿನ ನಾಲ್ಕು ಖಾಲಿ ಜಾಗಕ್ಕೆ 4, ಅಲ್ಲಿಗೆ 64. ಕೊನೇ ಪದದ "ಮು"ಗೆ 6, 70 ಆಯ್ತು, ಮುಂದಿನ ಪಕಾರದ ಮೂರು ಬೈಟಲ್ಲಿ ಎರಡಷ್ಟೇ ಒಳಗೆ. ಗಕಾರದ ಮೊದಲೆರಡು ಬೈಟೂ ಪಕಾರದ್ದೇ ಆಗಿರೋದ್ರಿಂದ ನಿಮ್ಮ ಸದಸ್ಯರು "ಹುಳಿ ಮುಗಿಯಿತು" ಅಂತ ಹೊಡೆದಿದ್ರೂ ಬಾಗಿಲು ತೆಗೆಯತ್ತೆ.

ಪರಿಹಾರ, ಆರ್ಗಾನ್2ಐಡಿ ಅನ್ನೋ ಹ್ಯಾಶ್ ವಿಧಾನಕ್ಕೆ ಹೋಗಿ, 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದಿದ್ದು ಆರ್ಗಾನ್2, ಈ 72ರ ಕಾಟ ಅದಕ್ಕಿಲ್ಲ. ಪಿಎಚ್‌ಪಿ 7.3ರಿಂದ ಸಿಗತ್ತೆ, ನಿಮ್ಮ ಹೋಸ್ಟಿಂಗಲ್ಲಿ ಅದನ್ನ ಸೇರಿಸಿದಾರಾ ಅಂತ ಕೇಳ್ಕೊಳ್ಳಿ. ಇಲ್ಲ ಅಂದ್ರೆ ಫಾರ್ಮಲ್ಲೇ ಬೈಟ್ ಎಣಿಸಿ, 72 ದಾಟಿದ್ರೆ ಉದ್ದ ಜಾಸ್ತಿಯಾಯ್ತು ಅಂತ ವಾಪಸ್ ಕಳ್ಸಿ. ಹಳೇ ಹ್ಯಾಶುಗಳಿಂದ ಪಾಸ್‌ವರ್ಡ್ ವಾಪಸ್ ತೆಗೆಯಕ್ಕಾಗಲ್ವಲ್ಲ, ಹಾಗಾಗಿ ಎಲ್ರಿಗೂ ಒಂದ್ಸಲ ಹೊಸದಾಗಿ ಇಡಿಸ್ಬೇಕಾಗತ್ತೆ, ಮುಂದಿನ ಸಲ ವಾಚನಕ್ಕೆ ಸೇರ್ತೀರಲ್ಲ, ಆವಾಗ ಎಲ್ರ ಕೈಲೂ ಫೋನ್ ತೆಗ್ಸಿ ಕೂರಿಸ್ಕೊಂಡು ಮಾಡ್ಸಿಬಿಡಿ.