ಡಿಶ್ ಸರಿಯಾಗೇ ಇದೆ, ಉಪಗ್ರಹಕ್ಕೆ ವಯಸ್ಸಾಗಿದೆ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಊರು ಬೇರೆ, ಡಿಶ್ ಬೇರೆ, ದೂರು ಮಾತ್ರ ಅದೇ. ಹೋದ ವರ್ಷವೂ ಉತ್ತರ ಬರೆದಿದ್ದೆ, ಯಾರೂ ಓದಿದ ಹಾಗೆ ಕಾಣಲಿಲ್ಲ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಪ್ರಶ್ನೆ: ತಿಪಟೂರಿನಲ್ಲಿ ನಮ್ಮ ತಾರಸಿ ಮೇಲೆ 12 ಅಡಿಯ ಸಿ-ಬ್ಯಾಂಡ್ (ದೊಡ್ಡ ಡಿಶ್ ಬೇಕಾಗುವ, ಕಡಿಮೆ ಆವರ್ತನದ ಪಟ್ಟಿ) ಡಿಶ್ ಇದೆ, ಹಳೆಯ ಉಪಗ್ರಹವೊಂದಕ್ಕೆ ತಿರುಗಿಸಿದ್ದೇನೆ. ಬೆಳಿಗ್ಗೆ ಎರಡು ಗಂಟೆ ಸಿಗ್ನಲ್ ಚೆನ್ನಾಗಿರುತ್ತದೆ, ಸಂಜೆ ಮತ್ತೆ ಎರಡು ಗಂಟೆ. ಉಳಿದ ಹೊತ್ತು ಏನೂ ಇಲ್ಲ. ಮೂರು ಸಲ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ) ಬದಲಾಯಿಸಿದೆ. ಮೆಕ್ಯಾನಿಕ್ ಸಿಗ್ನಲ್ ಜೋರು ಮಾಡುವ ಬೂಸ್ಟರ್ ಹಾಕಿಸಿ ಅಂತಾರೆ. ಹಾಕಿಸಲಾ?

ಬೇಡ. ತೆಗೆದಿಟ್ಟ ಎಲ್‌ಎನ್‌ಬಿಗಳನ್ನು ಎಸೆಯಬೇಡಿ, ಎಲ್ಲವೂ ಚೆನ್ನಾಗೇ ಇರುತ್ತವೆ. ಕೆಟ್ಟ ಎಲ್‌ಎನ್‌ಬಿಗೆ ಗಡಿಯಾರ ನೋಡೋಕೆ ಬರಲ್ಲ. ದಿನಾ ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹೋಗುವ ತೊಂದರೆ ನಿಮ್ಮ ತಾರಸಿಯದ್ದಲ್ಲ, ಮೇಲಿನದ್ದು. ಇನ್ನು ಬೂಸ್ಟರ್: ಡಿಶ್ಶಿಗೆ ಬೀಳದೇ ಇರುವ ಸಿಗ್ನಲನ್ನು ಅದು ಎಲ್ಲಿಂದ ತರಬೇಕು? ಬರೀ ಗೊರಗೊರ ಸದ್ದನ್ನೇ ಜೋರು ಮಾಡುತ್ತದೆ. ಇದನ್ನು ಮಾರುವವರ ಮೇಲೆ ನನಗಿರುವ ಸಿಟ್ಟು ಇಲ್ಲಿ ಬೇಡ.

ಒಂದು ಹಳೇ ನೋಟ್‌ಬುಕ್ ತಗೊಳ್ಳಿ. ಸಿಗ್ನಲ್ ಎಲ್ಲಕ್ಕಿಂತ ಜಾಸ್ತಿ ಇರುವ ನಿಮಿಷವನ್ನು ಒಂದು ವಾರ ಬರೆದಿಡಿ. ಇವತ್ತು 6.40, ನಾಳೆ 6.36, ನಾಡಿದ್ದು 6.32. ಹೀಗೆ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತಾ ಹೋದರೆ ಮುಗೀತು, ಯಾವ ಮೆಕ್ಯಾನಿಕ್ಕೂ ಬೇಡ. ಭೂಮಿ ಒಂದು ಸುತ್ತು ತಿರುಗುವುದು 23 ಗಂಟೆ 56 ನಿಮಿಷಕ್ಕೆ. ಉಪಗ್ರಹವೂ ಅದೇ ಗಡಿಯಾರ ಕಟ್ಟಿಕೊಂಡಿರುತ್ತದೆ.

ಭೂಮಿ ಜೊತೆಗೇ ಸುತ್ತುತ್ತಾ ಒಂದೇ ಕಡೆ ನಿಂತಂತೆ ಕಾಣುವ ಇಂಥ ಉಪಗ್ರಹವನ್ನು ಭೂಸ್ಥಿರ ಅಂತಾರೆ. ಹಾಗಂದ ಮಾತ್ರಕ್ಕೆ ಮೊಳೆ ಹೊಡೆದು ನಿಲ್ಲಿಸಿದ ಹಾಗಲ್ಲ. 35,786 ಕಿ.ಮೀ. ಎತ್ತರದಲ್ಲಿ ಚಂದ್ರನೂ ಎಳೆಯುತ್ತಾನೆ, ಸೂರ್ಯನೂ ಎಳೆಯುತ್ತಾನೆ. ಸುಮ್ನೆ ಬಿಟ್ಟರೆ ಕಕ್ಷೆ ಭೂಮಧ್ಯರೇಖೆಯಿಂದ ವರ್ಷಕ್ಕೆ ಮುಕ್ಕಾಲು ಡಿಗ್ರಿಯಿಂದ ಹೆಚ್ಚುಕಮ್ಮಿ ಒಂದು ಡಿಗ್ರಿವರೆಗೆ ವಾಲುತ್ತದೆ. ವಾಲಿತು ಅಂದರೆ ಉಪಗ್ರಹ ದಿನಕ್ಕೊಮ್ಮೆ ಉತ್ತರಕ್ಕೂ ದಕ್ಷಿಣಕ್ಕೂ ಓಲಾಡುತ್ತಾ ಆಕಾಶದಲ್ಲಿ ಸಣಕಲು 8 ಬರೆಯುತ್ತದೆ. ಅದನ್ನು ತಡೆಯೋಕೆ ಇಂಧನ ಸುಡಬೇಕು. ಉಪಗ್ರಹವನ್ನು ಜಾಗದಲ್ಲಿ ನಿಲ್ಲಿಸುವ ಖರ್ಚಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಈ ಉತ್ತರ-ದಕ್ಷಿಣಕ್ಕೇ ಹೋಗುತ್ತದೆ, ಪೂರ್ವ-ಪಶ್ಚಿಮಕ್ಕೆ ಚಿಲ್ಲರೆ ಸಾಕು. ಹಾಗಾಗಿ ಟ್ಯಾಂಕಿನ ತಳ ಕಾಣುವ ಹೊತ್ತಿಗೆ ಓಲಾಡಿದರೆ ಓಲಾಡಲಿ ಅಂತ ಬಿಟ್ಟುಬಿಡುತ್ತಾರೆ, ಅಕ್ಕಪಕ್ಕದ ಉಪಗ್ರಹಗಳ ಜಾಗಕ್ಕೆ ನುಗ್ಗದ ಹಾಗೆ ಪೂರ್ವ-ಪಶ್ಚಿಮ ಮಾತ್ರ ನೋಡಿಕೊಳ್ಳುತ್ತಾರೆ. ನಮ್ಮ ದೇಶದ ಉಪಗ್ರಹಗಳನ್ನು ಹೀಗೆ ಕಾಯುವ ಕೆಲಸ 1982ರಿಂದ ಹಾಸನದಲ್ಲಿ ನಡೆಯುತ್ತಿದೆ, ಆಮೇಲೆ ಭೋಪಾಲ್ ಸೇರಿಕೊಂಡಿತು. ಓಲಾಡಲು ಬಿಡುವುದು ಅವರ ಅಸಡ್ಡೆಯಲ್ಲ. ಹೀಗೆ ಮಾಡಿದರೆ ಮುದಿ ಉಪಗ್ರಹ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಈಗ ನಿಮ್ಮ ಲೆಕ್ಕ. ಸಿ-ಬ್ಯಾಂಡಿನಲ್ಲಿ 12 ಅಡಿ ಡಿಶ್ಶಿನ ನೋಟ ಸುಮಾರು ಒಂದೂವರೆ ಡಿಗ್ರಿ ಅಗಲ. ಕಕ್ಷೆ 2 ಡಿಗ್ರಿ ವಾಲಿದ್ದರೆ (ಇದು ಭೂಮಿಯ ಕೇಂದ್ರದಿಂದ ಅಳೆದದ್ದು, ನಾವು ಉಪಗ್ರಹಕ್ಕೆ ಇನ್ನೂ ಹತ್ತಿರ) ತಿಪಟೂರಿನಿಂದ ನೋಡಿದರೆ ಅದು ಆಚೆಗೆ 2.3, ಈಚೆಗೆ 2.3 ಡಿಗ್ರಿ ಓಲಾಡುತ್ತದೆ. ನಡುಮಧ್ಯಕ್ಕೆ ತಿರುಗಿಸಿದ ಡಿಶ್ಶಿನ ಮುಂದೆ ದಿನಕ್ಕೆರಡು ಸಲ, ಒಂದೊಂದು ಸಲ ಎರಡು ಗಂಟೆ ಚಿಲ್ಲರೆ ಹಾದುಹೋಗುತ್ತದೆ. ನೀವು ಬರೆದದ್ದೂ ಅದನ್ನೇ ಅಲ್ವಾ? ಇನ್ನೂ ದೊಡ್ಡ ಡಿಶ್ ತರೋಣ ಅನ್ನಬೇಡಿ. ಡಿಶ್ ದೊಡ್ಡದಾದಷ್ಟೂ ನೋಟ ಕಿರಿದು, ಇರುವ ಎರಡು ಗಂಟೆಯೂ ಹೋಗುತ್ತದೆ.

ಎಷ್ಟು ವಾಲಿದೆ ಅಂತ ತಿಳಿಯೋಕೆ ಸೆಲೆಸ್ಟ್ರಾಕ್ ಎಂಬ ವೆಬ್‌ಸೈಟಿನಲ್ಲಿ ಆ ಉಪಗ್ರಹದ ಟಿಎಲ್‌ಇ (ಕಕ್ಷೆಯ ವಿವರ ಇರುವ ಎರಡು ಸಾಲು ಅಂಕಿ) ತೆಗೆಯಿರಿ. ಎರಡನೇ ಸಾಲಿನಲ್ಲಿ ಉಪಗ್ರಹದ ನಂಬರಿನ ಪಕ್ಕದ ಅಂಕಿಯೇ ವಾಲಿಕೆ. 0.05 ಇದ್ದರೆ ನಿಮ್ಮ ತೊಂದರೆ ಬೇರೆ, ಆಗ ಕೇಬಲ್ ನೋಡಿ. ಫೋನಿನ ಬಹುಪಾಲು ಡಿಶ್ ಆ್ಯಪ್‌ಗಳಿಗೆ ಇದೆಲ್ಲ ಗೊತ್ತಿಲ್ಲ, ಎಲ್ಲ ಉಪಗ್ರಹವೂ ಅಲುಗಾಡದೆ ನಿಂತಿದೆ ಅಂತಲೇ ತೋರಿಸುತ್ತವೆ.

ಸರಿಯಾದ ಮದ್ದು ಅಂದರೆ ಉಪಗ್ರಹದ ಹಿಂದೆಯೇ ಡಿಶ್ ತಿರುಗಿಸುವ ಮೋಟಾರು. ಅದಕ್ಕೆ ದುಡ್ಡಿಲ್ಲದಿದ್ದರೆ ಒಂದು ಉಪಾಯ ಇದೆ. ನಡುಮಧ್ಯ ಬಿಟ್ಟು ಓಲಾಟದ ಒಂದು ತುದಿಗೆ ಡಿಶ್ ತಿರುಗಿಸಿ. ತುದಿಯಲ್ಲಿ ಅದು ನಿಧಾನ, ಒಂದೇ ಸಲಕ್ಕೆ ಆರು ಗಂಟೆ ಸಿಗುತ್ತದೆ. ಆದರೆ ಆ ಹೊತ್ತು ತಿಂಗಳಿಗೆ ಎರಡು ಗಂಟೆ ಮುಂಚೆ ಸರಿಯುತ್ತದೆ, ಆರು ತಿಂಗಳಾದಾಗ ಇನ್ನೊಂದು ತುದಿಗೆ ತಿರುಗಿಸಬೇಕು. ಉಪಗ್ರಹದಿಂದ ಪಾಠ ಹಿಡಿಯುವ ಒಂದು ಕಾಲೇಜಿನವರಿಗೆ ಇದನ್ನು ಹೇಳಿಕೊಟ್ಟಿದ್ದೆ. ಅರ್ಧ ಕೇಳಿಸಿಕೊಂಡು ಹೋದರು, ಆಮೇಲೆ ನಡುರಾತ್ರಿ ಪಾಠ ಬರ್ತಿದೆ ಅಂತ ಫೋನ್ ಮಾಡಿ ನನ್ನನ್ನೇ ಬೈದರು.

ಮೋಟಾರು ಹಾಕಿಸುವುದಾದರೆ, ಉಪಗ್ರಹ ನಿಮಗೆ ನೇರ ದಕ್ಷಿಣದಲ್ಲಿದ್ದಾಗ ಮೇಲೆ-ಕೆಳಗೆ ಮಾಡುವ ಜ್ಯಾಕಿಗೆ ಒಂದು ಮೋಟಾರು ಸಾಕು. ಪಕ್ಕಕ್ಕಿದ್ದರೆ ಎರಡು ಬೇಕು. ನಮ್ಮ ಕಡೆ ಡಿಶ್‌ಗಳು ಬಹುಪಾಲು ನೆತ್ತಿಯನ್ನೇ ನೋಡುವುದರಿಂದ ಅಡ್ಡ ತಿರುಗಿಸುವ ಮೋಟಾರಿಗೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಓಡಾಟ. ಇನ್ನು ಮೋಟಾರು ನಡೆಸುವ ಕಂಟ್ರೋಲರಿನಲ್ಲಿ ಸ್ಟೆಪ್ ಟ್ರ್ಯಾಕ್ ಒಂದನ್ನೇ ನಂಬಬೇಡಿ. ಅದು ಒಂದು ಹೆಜ್ಜೆ ಸರಿದು ನೋಡುತ್ತದೆ, ಸಿಗ್ನಲ್ ಏರಿದರೆ ಮುಂದಕ್ಕೆ, ಇಳಿದರೆ ಹಿಂದಕ್ಕೆ. ನಾನು ಕೆಲಸಕ್ಕಿದ್ದ ಒಂದು ಕಡೆ, ಹೆಸರು ಬೇಡ, ಕೆಯು-ಬ್ಯಾಂಡ್ (ಮಳೆಗೆ ಬೇಗ ಸೋಲುವ, ಹೆಚ್ಚಿನ ಆವರ್ತನದ ಪಟ್ಟಿ) ಡಿಶ್ಶಿಗೆ ಇದನ್ನೇ ಹಾಕಿದ್ದರು. ಜುಲೈ ಮಳೆಗೆ ಸಿಗ್ನಲ್ ಕುಸಿಯಿತು. ತಾನೇ ದಾರಿ ತಪ್ಪಿದೆ ಅಂತ ಯಂತ್ರ ತಿಳಿದು ರಾತ್ರಿಯೆಲ್ಲ ಹುಡುಕಿತು, ಮಳೆ ನಿಂತಾಗ ಡಿಶ್ ಖಾಲಿ ಆಕಾಶ ನೋಡುತ್ತಿತ್ತು. ಬೆಳಗಿನ ಮೂರಕ್ಕೆ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಗ್ರೀಸ್ ಮೆತ್ತಿದ ಜ್ಯಾಕನ್ನು ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿದವನು ನಾನು. ಆದ್ದರಿಂದ ಸಿಗ್ನಲ್ ಗೊತ್ತು ಮಾಡಿದ ಮಟ್ಟಕ್ಕಿಂತ ಇಳಿದರೆ ಹುಡುಕದೆ ನಿನ್ನೆ ನಡೆದ ದಾರಿಯಲ್ಲೇ ನಡೆಯುವ ಮೆಮರಿ ಟ್ರ್ಯಾಕ್ ಇರುವ ಕಂಟ್ರೋಲರ್ ಮಾತ್ರ ತಗೊಳ್ಳಿ.

ಪ್ರಶ್ನೆ: ಆಯಸ್ಸು ಮುಗಿದ ಉಪಗ್ರಹ ನಮ್ಮ ತಲೆ ಮೇಲೆ ಬೀಳುತ್ತದಾ?

ಇಲ್ಲ. ಇವನ್ನು ಕೆಳಗಿಳಿಸುವುದಿಲ್ಲ, ಮೇಲಕ್ಕೆ ಕಳಿಸುತ್ತಾರೆ. ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ 11 ಸಲ ತಳ್ಳಿ 340 ಕಿ.ಮೀ. ಮೇಲಕ್ಕೇರಿಸಿ ಆಫ್ ಮಾಡಿದರು.

ಪ್ರಶ್ನೆ: ಮಾರ್ಚ್‌ನಲ್ಲೂ ಸೆಪ್ಟೆಂಬರ್ ಕೊನೆಯಲ್ಲೂ ಕೆಲವು ದಿನ ಮಧ್ಯಾಹ್ನ ಕೆಲವು ನಿಮಿಷ ಚಿತ್ರ ಹೋಗುತ್ತದೆ. ಯಾಕೆ?

ಆಗ ಸೂರ್ಯ ಉಪಗ್ರಹದ ಬೆನ್ನಿಗೇ ಬಂದಿರುತ್ತಾನೆ, ಅವನ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ಊಟ ಮಾಡಿ ಬನ್ನಿ.

ಪ್ರಶ್ನೆ: ಡಿಶ್ ಯಾವ ಕಡೆ ತಿರುಗಿಸಲಿ? (ಉಪಗ್ರಹದ ಹೆಸರು ಬರೆಯದೆ ನಾಲ್ಕು ಜನ ಕೇಳಿದ್ದಾರೆ.)

ಮೇಲಕ್ಕೆ.