ಕಟಿಂಗ್ ಅಂಗಡಿಯ ಕುರ್ಚಿ ಸಿಗುವ ತನಕ ಸಹಭೋಜನ ಬೇಡ

ಕಟಿಂಗ್ ಅಂಗಡಿಯಲ್ಲಿ ದಲಿತ ಕೇರಿಯವರನ್ನು ಕೂರಿಸುವುದಿಲ್ಲ, ಕೇಸು ಹಾಕಿದರೆ ಊರು ಒಡೆಯುತ್ತದೆ, ಸಮಾಜ ಕಲ್ಯಾಣ ಇಲಾಖೆಯ ದುಡ್ಡಿನಲ್ಲಿ ಸಹಭೋಜನ ಇಟ್ಟುಕೊಳ್ಳೋಣ ಅಂತಿದ್ದೇವೆ, ಅರ್ಜಿ ಯಾರಿಗೆ ಕೊಡಬೇಕು ಎಂದು ಕೇಳಿದ್ದೀರಿ. ನಮ್ಮೂರಲ್ಲಿ ನಾವು ಮಾಡಿದ್ದೂ ಇದನ್ನೇ.

ನಮ್ಮದು ಕೊಪ್ಪಳ ಜಿಲ್ಲೆಯ ಕಾಲುವೆ ಕೆಳಗಿನ ಊರು, ಭತ್ತದ ಸೀಮೆ. ನಾವು ಕೇರಿಯವರು. ಅಣ್ಣ ಊರ ಗೌಡರೊಬ್ಬರ ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದಿದ್ದ. ಚಾದಂಗಡಿಯಲ್ಲಿ ನಮಗೆ ಪ್ಲಾಸ್ಟಿಕ್ ಕಪ್ಪು, ಉಳಿದವರಿಗೆ ಗಾಜಿನ ಲೋಟ. ತಲೆಗೂದಲು ಕತ್ತರಿಸಲು ತಾಲ್ಲೂಕಿಗೇ ಹೋಗಬೇಕು. ಅಕ್ಕನ ಮಗ ಹಾಸ್ಟೆಲ್‌ಗೆ ಹೊರಟವನು ಊರ ಅಂಗಡಿಗೇ ಹೋಗಿ ಕುರ್ಚಿ ಮೇಲೆ ಕೂತ. ಅಂಗಡಿಯವರು ಎಬ್ಬಿಸಿ ಕಳಿಸಿದರು. ನಾನು ಕೇಳಲು ಹೋದೆ. "ತಮ್ಮಾ, ಇವಂಗ ಮಾಡಿದ್ರ ನಾಳೆ ಅವರ್ಯಾರೂ ಬರಂಗಿಲ್ಲ. ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ" ಅಂದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಸುಗ್ಗಿಯಲ್ಲಿ ರೈತರು ಕೊಡುವ ಆಯದ ಭತ್ತದ ಮೇಲೆ ಅವರ ಸಂಸಾರ ನಿಂತಿತ್ತು. ಯಾರನ್ನು ಕೂರಿಸಬೇಕು, ಯಾರನ್ನು ಕೂರಿಸಬಾರದು ಎಂದು ಹೇಳುತ್ತಿದ್ದವರು ಬೇರೆಯೇ.

ನಾವು ಗಲಾಟೆ ಎಬ್ಬಿಸಿದ ಮೇಲೆ ತಾಲ್ಲೂಕಿನಿಂದ ಅಧಿಕಾರಿಗಳು ಬಂದರು. ಗುಡಿಕಟ್ಟೆ ಮುಂದೆ ಸಭೆ ಆಯಿತು. ಹಿರಿಯರು "ಕೇಸು ಗೀಸು ಬ್ಯಾಡ, ಎಲ್ಲಾರೂ ಕೂಡಿ ಉಣ್ಣೋಣು" ಅಂದರು. ಅಧಿಕಾರಿಗಳಿಗೂ ಅದೇ ಬೇಕಿತ್ತು. ಶಾಮಿಯಾನ ಹಾಕಿದರು, ಬೀದಿ ನಾಟಕ ಆಡಿಸಿದರು, ಗೌಡರ ಪಕ್ಕದಲ್ಲೇ ನನ್ನನ್ನು ಊಟಕ್ಕೆ ಕೂರಿಸಿದರು. ಪೇಪರಿನಲ್ಲಿ ಫೋಟೊ ಬಂತು.

ನಾನು ತಪ್ಪಿದ್ದು ಇಲ್ಲಿ. ಲಿಖಿತ ದೂರು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ಕಡೆಯೂ ಇವೇ ಮಾತು ಕೇಳಿಬರುತ್ತವೆ. ಮೊದಲನೆಯದು ಅಣ್ಣನ ಲಾವಣಿ ಹೊಲದ ಚಿಂತೆ. ಆಮೇಲೆ, "ಕಾಗದ ಯಾವಾಗಲಾದರೂ ಕೊಡಬಹುದು, ಮೊದಲು ಕಾರ್ಯಕ್ರಮ ಆಗಲಿ" ಎಂದು ಅಧಿಕಾರಿಯೊಬ್ಬರು ಬೆನ್ನು ತಟ್ಟಿ ಹೇಳಿದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟು ಜನ ಅಧಿಕಾರಿಗಳು ಕಣ್ಣಾರೆ ನೋಡಿ ಹೋದ ಮೇಲೆ ಅದೇ ದಾಖಲೆ ಎಂದು ನಾನು ನಂಬಿಬಿಟ್ಟೆ. ಸಭೆಯ ನಡಾವಳಿಯನ್ನು ಕೇಳಿ ಪಡೆಯಬೇಕು ಅನ್ನುವುದೂ ಹೊಳೆಯಲಿಲ್ಲ. ಬಹಳ ದಿನಗಳ ಮೇಲೆ ಅದು ಕೈಗೆ ಬಂದಾಗ, ಅಸ್ಪೃಶ್ಯತೆ ನಿವಾರಣೆ ಅರಿವು ಕಾರ್ಯಕ್ರಮ ಯಶಸ್ವಿಯಾಗಿ ಜರುಗಿತು ಎಂದಷ್ಟೇ ಬರೆದಿತ್ತು. ಯಾವ ಹುಡುಗನನ್ನು ಎಬ್ಬಿಸಿದರು, ಯಾರ ಮಾತಿಗೆ ಎಬ್ಬಿಸಿದರು, ಅಂಗಡಿ ಇನ್ನು ಎಲ್ಲರಿಗೂ ತೆರೆದಿರುತ್ತದೆಯೇ, ಒಂದೂ ಇರಲಿಲ್ಲ.

ಊಟ ಆದ ಸ್ವಲ್ಪ ದಿನಕ್ಕೆ ಅಂಗಡಿಗೆ ಬೀಗ ಬಿತ್ತು. ಅಂಗಡಿಯವರು ಊರಿನವರಿಗೆ ಮನೆಮನೆಗೆ ಹೋಗಿ ಕಟಿಂಗ್ ಮಾಡತೊಡಗಿದರು. ಸುಗ್ಗಿ ಮುಗಿಯುತ್ತಲೇ ಅಣ್ಣನ ಲಾವಣಿ ಹೋಯಿತು. ನಮ್ಮವರನ್ನು ನಾಟಿ ಕೂಲಿಗೆ ಕರೆಯುವುದು ನಿಂತಿತು. ಆಗ ಠಾಣೆಗೆ ಹೋದೆವು. "ಹಿಂದೆ ದೂರು ಕೊಟ್ಟಿದ್ದೀರಾ?" ಎಂದರು. ಇಲ್ಲ. "ಊರಲ್ಲಿ ಎಲ್ಲಾ ಸರಿ ಇದೆಯಲ್ಲ" ಎಂದು ಆ ಫೋಟೊವನ್ನೇ ಮುಂದಿಟ್ಟರು. ಗೌಡರ ಪಕ್ಕದಲ್ಲಿ ಕೂತು ಉಣ್ಣುತ್ತಿರುವವನು ನಾನೇ. ಅಣ್ಣ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವನು ಇನ್ನೂ ಅಲ್ಲೇ ಇದ್ದಾನೆ.

ಹಾಗಾಗಿ ಅನುದಾನದ ಅರ್ಜಿ ಹೇಗೆ ಬರೆಯಬೇಕೆಂದು ನಾನು ಹೇಳಿಕೊಡುವುದಿಲ್ಲ. ಊರು ಒಡೆಯುತ್ತದೆ ಅನ್ನುವ ನಿಮ್ಮ ಮಾತನ್ನೂ ಒಪ್ಪುವುದಿಲ್ಲ. ಕುರ್ಚಿಯಿಂದ ಎಬ್ಬಿಸಿದ ದಿನವೇ ಊರು ಒಡೆದಿದೆ.

ಸರ್ಕಾರದ ಬೆಂಬಲ ಬೇಕು, ಖಂಡಿತ ಬೇಕು. ಆದರೆ ಎಂಥದ್ದು ಬೇಕು ಅನ್ನುವುದಕ್ಕೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ದಲಿತ ಕುಟುಂಬದ ಪುಟ್ಟ ಮಗು ಹನುಮಪ್ಪನ ಗುಡಿಯೊಳಗೆ ಓಡಿಹೋಯಿತೆಂದು ಶುದ್ಧೀಕರಣದ ಹೆಸರಲ್ಲಿ ಮನೆಯವರಿಂದ 25,000 ರೂಪಾಯಿ ಕೇಳಿದರು. ಮನೆಯವರು ಹೆದರಿ ದೂರು ಕೊಡಲು ಹಿಂಜರಿದಾಗ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಯೇ ದೂರು ಕೊಟ್ಟರು, ಬಂಧನಗಳಾದವು. ಆ ಮಗುವಿನ ಹೆಸರಿನಲ್ಲೇ 2022ರಲ್ಲಿ, ಅಸ್ಪೃಶ್ಯತೆ ವಿರುದ್ಧ ಅರಿವು ಮೂಡಿಸುವ ಸರ್ಕಾರದ ವಿನಯ ಸಾಮರಸ್ಯ ಯೋಜನೆ ಬಂತು. ಯೋಜನೆಗಿಂತ ಆ ದೂರು ನನಗೆ ದೊಡ್ಡದಾಗಿ ಕಾಣುತ್ತದೆ. ನಿಮ್ಮ ತಾಲ್ಲೂಕಿನ ಅಧಿಕಾರಿಗೆ ಕೇಳಬೇಕಾದದ್ದು ಅದನ್ನು: ಸಾಹೇಬರೇ, ದೂರುದಾರರು ನೀವೇ ಆಗಿ.

ಅಂಗಡಿಗೆ ಬರಬೇಡ ಅನ್ನುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೂ ಅಪರಾಧ, 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅಷ್ಟೇ. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದು, ಪ್ರತಿಯನ್ನು ಪುಕ್ಕಟೆ ಕೊಡುವುದು ಪೊಲೀಸರ ಕರ್ತವ್ಯ. ಠಾಣೆಯಲ್ಲಿ ಆಗದಿದ್ದರೆ ದೌರ್ಜನ್ಯ ತಡೆ ಸಹಾಯವಾಣಿ 14566ಕ್ಕೆ ಫೋನ್ ಮಾಡಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ನಿಮ್ಮೂರಿನ ವಿಷಯ ಅದರ ನಡಾವಳಿಯಲ್ಲಿ ಊರ ಹೆಸರಿನೊಂದಿಗೆ ಬರಬೇಕು.

ಕೇಸು ಹೂಡಿದರೆ ಏನಾಗುತ್ತದೆ ಎಂಬ ಭಯ ನನಗೆ ಗೊತ್ತಿಲ್ಲದ್ದಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲೂ ಹೋಟೆಲ್, ಕಟಿಂಗ್ ಅಂಗಡಿಯ ವಿಷಯಕ್ಕೇ ಮನಸ್ತಾಪ ಬೆಳೆದು, 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿಯಲ್ಲಿ ಹೆಚ್ಚಿನವರಿಗೆ ಜಾಮೀನೂ ಸಿಕ್ಕಿತು. ಹತ್ತು ವರ್ಷ ಆ ಜನ ಹೇಗೆ ತಾಳಿದರೋ ನೆನೆದರೆ ಸಂಕಟವಾಗುತ್ತದೆ. ಬೆಂಕಿ ಬೀಳುವ ಮುಂಚೆ, ಕುರ್ಚಿಯ ಹಂತದಲ್ಲೇ ಸರ್ಕಾರವನ್ನು ಕಾಗದದ ಮೂಲಕ ಊರೊಳಗೆ ತರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಪ್ರಶ್ನೆಯ ಧಾಟಿ ನೋಡಿದರೆ ನೀವು ಕೇರಿಯವರಲ್ಲ ಅನಿಸುತ್ತದೆ. ಹಾಗಿದ್ದರೆ ನಿಮಗೊಂದು ಕೆಲಸವಿದೆ, ಅದನ್ನು ನಮ್ಮ ಕೈಲಿ ಮಾಡಲಾಗದು. ಆಯ ಕೊಡುವ ನಾಲ್ಕು ಮನೆಯವರನ್ನು ಕರೆದುಕೊಂಡು ಅಂಗಡಿಗೆ ಹೋಗಿ, "ಇವರಿಗೆ ಮಾಡಿದರೂ ನಾವು ಬರ್ತೀವಿ, ನಮ್ಮ ಭತ್ತ ನಿಲ್ಲಂಗಿಲ್ಲ" ಎಂದು ಆ ಮನುಷ್ಯನಿಗೆ ಎಲ್ಲರ ಮುಂದೆ ಹೇಳಿ. ಕೇರಿಯ ಹುಡುಗ ಕುರ್ಚಿ ಮೇಲೆ ಕೂತಾಗ ಸಾಲಿನಲ್ಲಿ ಅವನ ಹಿಂದೆ ನೀವು ಕೂತಿರಿ. ಯಾರಾದರೂ ತಡೆದರೆ ದೂರಿನಲ್ಲಿ ಸಾಕ್ಷಿಯ ಜಾಗಕ್ಕೆ ನಿಮ್ಮ ಹೆಸರು ಬರೆಸಿ. ನಮ್ಮೂರಲ್ಲಿ ಆ ಜಾಗಕ್ಕೆ ಒಬ್ಬರೂ ಬರಲಿಲ್ಲ.

ದೂರು ಬರೆಯುವಾಗ ದಿನ, ಹೊತ್ತು, ಆಡಿದ ಮಾತು ಇದ್ದ ಹಾಗೇ ಇರಲಿ, ಸ್ವೀಕೃತಿ ಇಲ್ಲದೆ ಕಚೇರಿಯಿಂದ ಏಳಬೇಡಿ. ಕರಡು ಬರೆದಿಟ್ಟರೆ ಹೇಳಿ, ಹೆಸರು ತೆಗೆದು ಕಳಿಸಿದರೆ ಓದಿ ತಿದ್ದಿ ಕೊಡುತ್ತೇನೆ.