ಓದುಗರ ಪ್ರಶ್ನೆ, ನಮ್ಮ ಉತ್ತರ: ತಾರೆಯ ದರ್ಪಕ್ಕೆ ಹೊಣೆ ಯಾರು?

ಪ್ರಶ್ನೆ: ನಾನು ಆರು ವರ್ಷಗಳಿಂದ ಸಹಾಯಕ ನಿರ್ದೇಶಕನಾಗಿ ದುಡಿಯುತ್ತಿದ್ದೇನೆ. ಈಗಿನ ಚಿತ್ರದ ನಾಯಕ ನಟರು ಸಂಭಾಷಣೆ ಮರೆತಾಗಲೆಲ್ಲ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಾರೆ. ಒಮ್ಮೆ ಇಡೀ ಸೆಟ್ಟಿನ ಎದುರಿಗೆ ಸ್ಕ್ರಿಪ್ಟ್ ಹಾಳೆಗಳನ್ನು ನನ್ನ ಮುಖಕ್ಕೆ ಎಸೆದರು. ನಿರ್ಮಾಪಕರಿಗೆ ಹೇಳಿದರೆ, "ದೊಡ್ಡವರು, ಒತ್ತಡದಲ್ಲಿದ್ದಾರೆ, ಸ್ವಲ್ಪ ಸಹಿಸಿಕೊಳ್ಳಿ" ಎಂಬ ಉತ್ತರ ಬಂತು. ಇದು ಕಿರುಕುಳವೇ, ಕಲೆಯ ಕೆಲಸದಲ್ಲಿ ಸಹಜವೇ?

ಉತ್ತರ: ಕಿರುಕುಳವೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂಗೀಕರಿಸಿದ 190ನೇ ಒಪ್ಪಂದವು, ದೈಹಿಕ, ಮಾನಸಿಕ, ಲೈಂಗಿಕ ಅಥವಾ ಆರ್ಥಿಕ ಹಾನಿ ಉಂಟುಮಾಡುವ ಇಲ್ಲವೇ ಉಂಟುಮಾಡಬಹುದಾದ ಅಸಹನೀಯ ವರ್ತನೆಯನ್ನು, ಅದು ಒಂದೇ ಬಾರಿ ನಡೆದಿದ್ದರೂ, ಹಿಂಸೆ ಮತ್ತು ಕಿರುಕುಳವೆಂದೇ ಪರಿಗಣಿಸುತ್ತದೆ. ಕಾಯಂ ನೌಕರರಷ್ಟೇ ಅಲ್ಲದೆ ತರಬೇತಿಯಲ್ಲಿರುವವರು, ಕೆಲಸ ಕೇಳಿಕೊಂಡು ಬಂದವರು ಕೂಡ ಅದರ ವ್ಯಾಪ್ತಿಗೆ ಸೇರುತ್ತಾರೆ. ಒಪ್ಪಂದವನ್ನು ಅನುಮೋದಿಸಿದ ದೇಶಗಳಿಗೆ ಮಾತ್ರ ಅದು ಬದ್ಧವಾಗುತ್ತದೆ ಎಂಬುದು ಬೇರೆ ಮಾತು.

ಒತ್ತಡದ ಸಮಜಾಯಿಷಿಯನ್ನು ಪರೀಕ್ಷಿಸಲು ಸುಲಭವಾದ ದಾರಿಯೊಂದಿದೆ. ಅದೇ ನಟರು ಅದೇ ಒತ್ತಡದಲ್ಲಿ ಚಿತ್ರಕ್ಕೆ ಹಣ ಹಾಕಿದವರ ಮುಖಕ್ಕೆ ಹಾಳೆ ಎಸೆದದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ಕಂಡಿಲ್ಲವಾದರೆ, ಸಿಟ್ಟು ಅವರ ಹಿಡಿತದಲ್ಲಿಯೇ ಇದೆ, ಎಲ್ಲಿ ಇಳಿಸಿದರೆ ನಷ್ಟವಿಲ್ಲ ಎಂಬ ಲೆಕ್ಕವೂ ಅವರಿಗೆ ಗೊತ್ತಿದೆ ಎಂದೇ ಅರ್ಥ. ಇಪ್ಪತ್ತು ಟೇಕ್ ಕೇಳುವ ನಿರ್ದೇಶಕ ಕಠಿಣನಿರಬಹುದು. ಅವನು ಬಯಸುವುದು ಒಳ್ಳೆಯ ದೃಶ್ಯವನ್ನು. ನಿಮಗೆ ಆದದ್ದರಲ್ಲಿ ದೃಶ್ಯಕ್ಕೆ ಸಿಕ್ಕಿದ್ದೇನೂ ಇಲ್ಲ.

ನಿರ್ಮಾಪಕರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಈಗ ಬರವಣಿಗೆಯಲ್ಲಿ ಹೇಳಿ. ಯಾವ ದಿನ, ಯಾವ ದೃಶ್ಯದ ವೇಳೆ, ಏನೆಂದರು, ಯಾರು ಹತ್ತಿರದಲ್ಲಿದ್ದರು ಎಂಬುದನ್ನು ಅಂದಂದೇ ಬರೆದಿಟ್ಟುಕೊಳ್ಳಿ. ನಿಮಗೆ ಕೆಲಸ ಕೊಟ್ಟವರು ನಟರಲ್ಲ, ನಿರ್ಮಾಪಕರು. ಸುರಕ್ಷಿತವಾದ ಕೆಲಸದ ಜಾಗವನ್ನು ಕೊಡಬೇಕಾದ ಹೊಣೆಯೂ ಅವರದೇ. ಲಿಖಿತ ದೂರು ಕೈಸೇರಿದ ಮೇಲೆ "ನನಗೆ ತಿಳಿದಿರಲಿಲ್ಲ" ಎಂಬ ಮಾತು ಅವರಿಗೆ ಉಳಿಯುವುದಿಲ್ಲ. ಇದರಿಂದ ಮುಂದಿನ ಚಿತ್ರದ ಅವಕಾಶ ತಪ್ಪಬಹುದೆಂಬ ನಿಮ್ಮ ಭಯ ಸುಳ್ಳೆಂದು ನಾನು ಹೇಳಲಾರೆ. ಆದ್ದರಿಂದಲೇ ಕಾರ್ಮಿಕರ ಒಕ್ಕೂಟವಿದ್ದರೆ ಅದರ ಮೂಲಕ, ಅಥವಾ ಇದೇ ಅನುಭವವಾದ ಇನ್ನಿಬ್ಬರೊಡನೆ ಸೇರಿ ದೂರು ಕೊಡುವುದು ಮೇಲು.

ಪ್ರಶ್ನೆ: ಇಂತಹ ನಡತೆಗಾಗಿ ನಿಜಕ್ಕೂ ಬೆಲೆ ತೆತ್ತ ತಾರೆಯರು ಇದ್ದಾರೆಯೇ?

ಉತ್ತರ: ಇದ್ದಾರೆ, ಆದರೆ ಪ್ರತಿಯೊಂದು ಉದಾಹರಣೆಗೂ ಒಂದು ಬಾಲವಿದೆ. 2015ರ ಮಾರ್ಚ್‌ನಲ್ಲಿ ಬ್ರಿಟನ್ನಿನ 'ಟಾಪ್ ಗೇರ್' ಕಾರ್ಯಕ್ರಮದ ನಿರೂಪಕ ಜೆರೆಮಿ ಕ್ಲಾರ್ಕ್‌ಸನ್, ಚಿತ್ರೀಕರಣದ ನಂತರ ಹೋಟೆಲಿನಲ್ಲಿ ಬಿಸಿ ಊಟ ಸಿಗಲಿಲ್ಲವೆಂಬ ಕಾರಣಕ್ಕೆ ನಿರ್ಮಾಣ ತಂಡದವರೊಬ್ಬರನ್ನು ಬೈದು ಹೊಡೆದರು. ಬಿಬಿಸಿ ವಿಚಾರಣೆ ನಡೆಸಿ, ಅದೇ ತಿಂಗಳು ಅವರ ಕರಾರನ್ನು ನವೀಕರಿಸುವುದಿಲ್ಲವೆಂದು ಪ್ರಕಟಿಸಿತು. ಸಂಸ್ಥೆಗೆ ಅಪಾರ ಆದಾಯ ತರುತ್ತಿದ್ದ ಮುಖವನ್ನು ಕೈಬಿಟ್ಟದ್ದು ಸಣ್ಣ ನಿರ್ಧಾರವಲ್ಲ. ಅವರನ್ನು ಉಳಿಸಿಕೊಳ್ಳಬೇಕೆಂದು ಆಗ್ರಹಿಸಿದ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು, ಏಟು ತಿಂದವರೇ ಜಾಲತಾಣಗಳಲ್ಲಿ ನಿಂದನೆಗೆ ಗುರಿಯಾದರು, ಮತ್ತು ಜುಲೈ ಮುಗಿಯುವ ಮುನ್ನವೇ ಅಮೆಜಾನ್ ಕ್ಲಾರ್ಕ್‌ಸನ್ ಅವರ ಹೊಸ ಕಾರ್ಯಕ್ರಮವನ್ನು ಘೋಷಿಸಿತು.

ಅಮೆರಿಕದ ಟಿವಿ ನಿರೂಪಕಿ ಎಲೆನ್ ಡಿಜೆನರೆಸ್ ಪ್ರಕರಣ ಇನ್ನೊಂದು ಬಗೆಯದು. "ಪರಸ್ಪರ ಕರುಣೆಯಿಂದಿರಿ" ಎಂದು ಪ್ರೇಕ್ಷಕರಿಗೆ ಹೇಳುತ್ತಿದ್ದ ಅವರ ಕಾರ್ಯಕ್ರಮದ ಒಳಗೇ ಹೆದರಿಕೆಯ ವಾತಾವರಣವಿದೆ ಎಂದು ಸಿಬ್ಬಂದಿ 2020ರ ಜುಲೈನಲ್ಲಿ ಪತ್ರಕರ್ತರಿಗೆ ಹೇಳಿದರು. ಆಂತರಿಕ ತನಿಖೆಯ ಬಳಿಕ ಹೊರಹೋದವರು ಮೂವರು ಹಿರಿಯ ನಿರ್ಮಾಪಕರು. ಕಾರ್ಯಕ್ರಮಕ್ಕೆ ಹೆಸರು ಕೊಟ್ಟವರು ಪ್ರಸಾರದಲ್ಲಿ ಹೊಣೆ ಹೊತ್ತು ಕ್ಷಮೆ ಕೇಳಿ, 2022ರ ಮೇ ತಿಂಗಳವರೆಗೆ ಮುಂದುವರಿದರು. ದೂರುಗಳಲ್ಲಿ ಹೆಚ್ಚಿನವು ಆ ಮೇಲಧಿಕಾರಿಗಳ ಮೇಲೆಯೇ ಇದ್ದವೆಂಬುದು ನಿಜ. ಆದರೂ, ತನ್ನ ಹೆಸರಿನ ಸೂರಿನಡಿ ಏನು ನಡೆಯುತ್ತಿದೆ ಎಂದು ತಿಳಿಯದಿರುವುದು ತಾರೆಗೆ ಎಷ್ಟು ಅನುಕೂಲದ ಅಜ್ಞಾನ ಎಂದು ನನಗೆ ಅನ್ನಿಸದೆ ಇರಲಿಲ್ಲ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಸಂಸ್ಥೆ ಎಚ್ಚೆತ್ತದ್ದು ಸುದ್ದಿ ಹೊರಬಿದ್ದ ಮೇಲೆ.

ಪ್ರಶ್ನೆ: ಕಾನೂನು ಬಿಗಿಯಾಗಿದ್ದರೆ ಇದೆಲ್ಲ ನಿಲ್ಲುವುದಿಲ್ಲವೇ?

ಉತ್ತರ: ಕಾನೂನು ಯಾರನ್ನು ನೌಕರರೆಂದು ಕರೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ದಕ್ಷಿಣ ಕೊರಿಯಾದಲ್ಲಿ ಕೆಲಸದ ಜಾಗದ ಕಿರುಕುಳವನ್ನು ನಿಷೇಧಿಸುವ ನಿಯಮ 2019ರ ಜುಲೈನಿಂದ ಜಾರಿಯಲ್ಲಿದೆ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಂಡ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಇಷ್ಟು ಕಟ್ಟುನಿಟ್ಟಾದ ನಿಯಮವಿದ್ದೂ, 'ನ್ಯೂಜೀನ್ಸ್' ತಂಡದ ಗಾಯಕಿ ಹನಿ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೆದುರು ಕಣ್ಣೀರಿಡುತ್ತಾ ತಮಗಾದ ಅವಮಾನವನ್ನು ಹೇಳಿಕೊಂಡಾಗ, ಕಾರ್ಮಿಕ ಇಲಾಖೆ ಮುಂದಿನ ತಿಂಗಳು ಕೊಟ್ಟ ಉತ್ತರವೆಂದರೆ, ಅವರ ಕರಾರಿನ ಸ್ವರೂಪದ ಪ್ರಕಾರ ಅವರು ಕಾರ್ಮಿಕರಲ್ಲ, ಆದ್ದರಿಂದ ಈ ನಿಯಮ ಅನ್ವಯಿಸದು ಎಂಬುದು. ಹೆಸರಾಂತ ಗಾಯಕಿಗೇ ಹೀಗಾದರೆ, ದಿನದ ಲೆಕ್ಕದಲ್ಲಿ ಬಂದುಹೋಗುವ ದೀಪ ಹಿಡಿಯುವವರ, ಪ್ರಸಾಧನ ಮಾಡುವವರ, ಹಿನ್ನೆಲೆ ನರ್ತಕರ ಪಾಡನ್ನು ಊಹಿಸಿಕೊಳ್ಳಿ. ಕರಾರು ಯಾವುದಾದರೂ ಇರಲಿ, ಆ ಜಾಗದಲ್ಲಿ ದುಡಿಯುವ ಎಲ್ಲರಿಗೂ ರಕ್ಷಣೆ ಎಂಬ ಒಂದು ಸಾಲು ಸೇರದ ಹೊರತು, ಈ ಉದ್ಯಮದ ಮಟ್ಟಿಗೆ ಶಿಕ್ಷೆಯನ್ನು ಹೆಚ್ಚಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಆರೋಪ ಬಂದ ಕೂಡಲೇ ಕಲಾವಿದರನ್ನು ಅಪರಾಧಿಗಳೆಂದು ತೀರ್ಮಾನಿಸುವುದು ಅನ್ಯಾಯವಲ್ಲವೇ?

ಉತ್ತರ: ಅನ್ಯಾಯವೇ. ಅದಕ್ಕೆ ಮದ್ದು ದೂರುಗಳನ್ನು ಮುಚ್ಚಿಡುವುದಲ್ಲ, ಹೊರಗಿನವರಿಂದ ತನಿಖೆ ಮಾಡಿಸಿ ಫಲಿತಾಂಶವನ್ನು ಪ್ರಕಟಿಸುವುದು. ಬ್ರಿಟನ್ನಿನ 'ಮಾಸ್ಟರ್‌ಶೆಫ್' ಎಂಬ ಟಿವಿ ಅಡುಗೆ ಸ್ಪರ್ಧೆಯ ನಿರೂಪಕರಾಗಿದ್ದ ಗ್ರೆಗ್ ವಾಲೇಸ್ ಅವರ ಮೇಲೆ ಬಂದ 83 ಆರೋಪಗಳನ್ನು ನಿರ್ಮಾಣ ಸಂಸ್ಥೆಯು ಒಂದು ಕಾನೂನು ಸಂಸ್ಥೆಗೆ ಒಪ್ಪಿಸಿತು. 2025ರ ಜುಲೈನಲ್ಲಿ ಹೊರಬಂದ ವರದಿ 45 ಆರೋಪಗಳನ್ನು ಎತ್ತಿಹಿಡಿಯಿತು. ಅವುಗಳಲ್ಲಿ ಬಹುಪಾಲು ಅಸಭ್ಯ ಮಾತು ಮತ್ತು ಹಾಸ್ಯಕ್ಕೆ ಸಂಬಂಧಿಸಿದವು. ಉಳಿದ 38 ಸಾಬೀತಾಗಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಲು ಇಂದು ಯಾರಿಗಾದರೂ ಸಾಧ್ಯವಾಗಿದ್ದರೆ, ಅದೂ ಆ ತನಿಖೆಯಿಂದಲೇ.